ಕೇಳಿದವರಿಗೆ ಹೌದು ಅನ್ನು

ಧಾರವಾಡ

ಪ್ರೀತಿಯ ಮಗಳೇ,

ಮಳೆ ನಿಂತ ಮೇಲೆ ದೊಡ್ಡವ್ವನ ಮಂಡಿನೋವು ತುಸು ಕಡಿಮೆಯಾಗಿದೆ.

ನೀನು ಕಳಿಸಿದ ಉದ್ದನೆಯ ಮೆಸೇಜನ್ನು ನಾನೂ ದೊಡ್ಡವ್ವನೂ ಓದಿದೆವು. ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲವೆಂದು ಕಾಗದ ಹಿಡಿದು ಕೂತಿದ್ದೇನೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಕ್ರೈಸ್ತರನ್ನು ‘ರೈಸ್ ಬ್ಯಾಗ್’ ಅಂದರು, ಎಲ್ಲರೂ ನಕ್ಕರು, ನೀನು ತಲೆ ತಗ್ಗಿಸಿ ಡಬ್ಬಿ ಮುಚ್ಚಿದೆ. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೊರಟೆ ಎಂದು ಕೇಳಿದರೆ ಚಿಕ್ಕಮ್ಮನ ಮನೆಗೆ ಅನ್ನುತ್ತೀ. ರಾತ್ರಿ ರೂಮಿನ ಗೆಳತಿಗೆ ತಿಳಿಯದಂತೆ ಮುಸುಕು ಹಾಕಿಕೊಂಡು ಪ್ರಾರ್ಥನೆ ಮಾಡುತ್ತೀ. ಇದನ್ನೆಲ್ಲ ಬರೆದು ಕೊನೆಗೆ, ‘ನಾನು ಹೇಡಿ ದೊಡ್ಡಪ್ಪಾ, ದೃಢೀಕರಣದ ದಿನ ಸಭೆಯ ಮುಂದೆ ಅಷ್ಟು ಗಟ್ಟಿಯಾಗಿ ಉತ್ತರ ಕೊಟ್ಟವಳು ನಾನೇನಾ’ ಎಂದು ಕೇಳಿದ್ದೀ.

ಹೇಡಿ ಅನ್ನುವ ಮಾತನ್ನು ಮೊದಲು ತೆಗೆದುಹಾಕು. ಹೇಡಿಗೆ ತಾನು ಸುಮ್ಮನಿದ್ದದ್ದು ಮರುದಿನ ನೆನಪೂ ಇರುವುದಿಲ್ಲ. ನಿನಗೆ ಅವತ್ತು ರಾತ್ರಿ ನಿದ್ದೆ ಬಂದಿಲ್ಲ. ಅಂಜಬೇಡ ಅಂತ ನಾಲ್ಕು ವಾಕ್ಯ ಬರೆದು ಕಳಿಸುವುದು ನನಗೆ ಸುಲಭ, ಆದರೆ ನಿನ್ನ ಅಂಜಿಕೆ ಸುಳ್ಳು ಅಂಜಿಕೆಯಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡ 1.87. ನೂರು ಜನರ ಆಫೀಸಿನಲ್ಲಿ ನಿನ್ನ ಜೊತೆ ಇನ್ನೊಬ್ಬರು ಇದ್ದರೆ ಅದೇ ಹೆಚ್ಚು. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನೀನಿನ್ನೂ ಸಂಡೇ ಸ್ಕೂಲಿನ ಕೂಸು. ಆ ವಾರವೆಲ್ಲ ಮನೆಯಲ್ಲಿ ದೊಡ್ಡವರು ದನಿ ತಗ್ಗಿಸಿ ಮಾತಾಡಿದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಮಕ್ಕಳು ಮಾತನ್ನು ಮರೆಯುತ್ತವೆ, ತಗ್ಗಿದ ದನಿಯನ್ನು ಮರೆಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಹೆಸರುಗಳು ಎಲ್ಲರ ಹೆಸರಿನ ಹಾಗೆಯೇ ಇವೆ. 1830ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಿಂದ ಧಾರವಾಡದ ಕಡೆ ಬಂದರು. ಅವರ ಸಭೆಗಳಲ್ಲಿ ಬೆಳೆದ ನಮ್ಮ ಹಿರಿಯರಲ್ಲಿ ಬಹಳ ಮಂದಿ ಕನ್ನಡದ ಹೆಸರುಗಳನ್ನೇ ಉಳಿಸಿಕೊಂಡರು, ಸೀರೆ ಪಂಚೆಯನ್ನೇ ಉಟ್ಟರು, ರೊಟ್ಟಿ ಚಟ್ನಿಯನ್ನೇ ಉಂಡರು. ಅದು ನನಗೆ ಹೆಮ್ಮೆ. ಆದರೆ ಅದರಿಂದ ಒಂದು ಸಂಗತಿ ಆಗುತ್ತದೆ: ನೀನು ಹೇಳದ ಹೊರತು ಯಾರಿಗೂ ತಿಳಿಯುವುದಿಲ್ಲ. ಅಡಗಿಸಬೇಕೆಂದು ನೀನು ಹೊರಟವಳಲ್ಲ. ಅಡಗಿರುವುದು ತಾನಾಗಿ ಆಗಿಬಿಟ್ಟಿದೆ, ಅಲ್ಲಿಂದ ಎದ್ದು ಬರುವುದಕ್ಕೆ ಈಗ ಕಾಲು ಏಳುತ್ತಿಲ್ಲ.

ನಮ್ಮವ್ವನಿಗೆ, ಅಂದರೆ ನಿನ್ನ ಆಯಿಗೆ, ಈ ಅನುಕೂಲ ಇರಲಿಲ್ಲ. ಅವಳು ಹಣೆಗೆ ಕುಂಕುಮ ಇಡುತ್ತಿರಲಿಲ್ಲ. ಬೆಟಗೇರಿಯ ಸಂತೆಗೆ ನಾನು ಚೀಲ ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ. ಒಮ್ಮೆ ಬದನೆಕಾಯಿ ಮಾರುವ ಮುದುಕಿ ಅವಳ ಬೋಳು ಹಣೆ ನೋಡಿ, ‘ಅಯ್ಯ ಯವ್ವಾ, ಇಷ್ಟ ಸಣ್ಣ ವಯಸ್ಸಿನ್ಯಾಗ ಹಿಂಗಾತೇನ?’ ಎಂದು ಮರುಗಿ ಕಣ್ಣಲ್ಲಿ ನೀರು ತಂದಳು. ಅವ್ವ ಬದನೆಕಾಯಿ ಆರಿಸುತ್ತಲೇ, ‘ಇಲ್ಲಬೇ, ನನ ಗಂಡ ಗಟ್ಟಿಮುಟ್ಟ ಅದಾನ. ನಾವು ಯೇಸುಸ್ವಾಮಿ ಒಕ್ಕಲಾ’ ಅಂದಳು. ಅಷ್ಟೇ. ಮುದುಕಿ ‘ಹಂಗೇನ’ ಅಂದಳು, ತಕ್ಕಡಿಗೆ ಎರಡು ಕಾಯಿ ಹೆಚ್ಚು ಹಾಕಿದಳು. ಎಲ್ಲಮ್ಮನ ಒಕ್ಕಲು, ವೀರಭದ್ರನ ಒಕ್ಕಲು ಇರುವ ಸಂತೆಯಲ್ಲಿ ಇವರೊಂದು ಮನೆ ಹೀಗೆ ಎಂದು ಅವಳಿಗೆ ತಿಳಿಯಿತು. ನಮ್ಮವ್ವ ಓದಿದವಳಲ್ಲ, ವಾದ ಮಾಡಿದವಳಲ್ಲ. ಕೇಳಿದರು, ಹೇಳಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಆ ದನಿ ನಿನಗೆ ಬರಲಿ ಅಂತಲೇ ಈ ಕಾಗದ.

ನಿನಗೆ ಬಾಯಿಪಾಠವಾಗಿರುವ ಕತೆಯನ್ನು ಇನ್ನೊಮ್ಮೆ ನೋಡೋಣ. ಯೇಸುವನ್ನು ಹಿಡಿದು ತಂದ ರಾತ್ರಿ, ಮಹಾಯಾಜಕನ ಅಂಗಳ, ಚಳಿ. ಆಳುಗಳು ಇದ್ದಲಿನ ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತಿದ್ದಾರೆ. ಶಿಷ್ಯನಾದ ಪೇತ್ರನೂ ಅವರ ನಡುವೆ ನಿಂತಿದ್ದಾನೆ. ಮೊದಲು ಕೇಳಿದವಳು ಒಬ್ಬ ಕೆಲಸದ ಹುಡುಗಿ. ಅವಳ ಕೈಯಲ್ಲಿ ಈಟಿ ಇರಲಿಲ್ಲ, ಅವನನ್ನು ಹಿಡಿಸಿಕೊಡುವೆನೆಂದೂ ಅವಳು ಹೇಳಲಿಲ್ಲ. ನೀನೂ ಅವನ ಜೊತೆಯವನೇ ಅಲ್ಲವೇ ಎಂದಷ್ಟೇ ಕೇಳಿದಳು. ಅವನು ಅಲ್ಲ ಅಂದ. ಆಮೇಲೆ ಸುತ್ತ ನಿಂತವರು ನಿನ್ನ ಮಾತಿನ ಧಾಟಿಯೇ ಗಲಿಲಾಯದ್ದು ಎಂದರೂ ಅಲ್ಲ ಅಂದ. ಧಾರವಾಡದ ಧಾಟಿಯಲ್ಲಿ ಮಾತಾಡಿ ಬೆಂಗಳೂರಿನಲ್ಲಿ ಸಿಕ್ಕಿಬೀಳುವ ನಿನಗೆ ಈ ಭಾಗ ಚೆನ್ನಾಗಿ ಅರ್ಥವಾಗಬೇಕು.

ನಾವು ಮರೆಯುವುದು ಅದಕ್ಕೂ ಮುಂಚಿನ ಸಂಗತಿಯನ್ನು. ಅದೇ ರಾತ್ರಿ, ಕೆಲವು ತಾಸು ಹಿಂದೆ, ತೋಟದಲ್ಲಿ ದೀವಟಿಗೆ ಆಯುಧ ಹಿಡಿದ ಗುಂಪೇ ಬಂದಾಗ ಕತ್ತಿ ಹಿರಿದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದವನು ಇದೇ ಪೇತ್ರ. ಅಂದರೆ ಅವನಿಗೆ ಎದೆಗಾರಿಕೆ ಇಲ್ಲದೆ ಇರಲಿಲ್ಲ. ಹೊಡೆದಾಟದ ಧೈರ್ಯ ಬೇಕಾದಷ್ಟು ಇತ್ತು. ಬೆಂಕಿಯ ಸುತ್ತ ಜೊತೆಯಲ್ಲಿ ನಿಂತವರು ಸಹಜವಾಗಿ ಕೇಳಿದಾಗ, ಅವರ ಮುಖ ನೋಡಿ, ಹೌದು ಅನ್ನುವ ಧೈರ್ಯ ಆ ಹೊತ್ತಿಗೆ ಇರಲಿಲ್ಲ. ಇವೆರಡೂ ಬೇರೆ ಬೇರೆ ಧೈರ್ಯಗಳು ಮಗಳೇ. ನಮ್ಮ ಯುವಜನ ಕೂಟಗಳಲ್ಲಿ ಮೊದಲನೆಯದನ್ನೇ ಹೆಚ್ಚು ಹೊಗಳುತ್ತಾರೆ: ಎದ್ದು ನಿಲ್ಲು, ಸಾರು, ಎದುರಿಸು. ಯೇಸು ಅವನಿಗೆ ಕತ್ತಿಯನ್ನು ಒರೆಗೆ ಹಾಕು ಎಂದರು. ನಿನ್ನ ಆಫೀಸಿನ ಊಟದ ಮೇಜಿಗೆ ಬೇಕಾಗಿರುವುದು ಎರಡನೆಯ ಧೈರ್ಯ. ಅದು ಮೆಲ್ಲಗಿನದು, ಕಾಣಲು ಸಣ್ಣದು. ಆದರೂ ಕಷ್ಟದ್ದು, ಯಾಕೆಂದರೆ ಅಲ್ಲಿ ಎದುರಿಗೆ ಇರುವವರು ವೈರಿಗಳಲ್ಲ, ನಾಳೆಯೂ ಜೊತೆಯಲ್ಲಿ ಊಟ ಮಾಡುವವರು. ಅವರ ಪ್ರೀತಿ ಕಡಿಮೆಯಾದೀತು ಎಂಬುದೇ ನಿನ್ನ ಅಂಜಿಕೆ.

ಇನ್ನು ಆ ‘ರೈಸ್ ಬ್ಯಾಗ್’ ಮಾತು. ಅಕ್ಕಿಗಾಗಿ ಧರ್ಮ ಮಾರಿಕೊಂಡವರು ಎಂದು ಅದರ ಅರ್ಥ. ನಿನಗೆ ಅದು ಚುಚ್ಚಿದ್ದು ನ್ಯಾಯ. ಆದರೆ ನಮ್ಮ ಮನೆತನದ ಕತೆಯನ್ನು ನಿನಗೆ ಯಾರೂ ಪೂರ್ತಿ ಹೇಳಿಲ್ಲ ಅನ್ನಿಸುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, 1876ರಿಂದ 78ರವರೆಗೆ, ಬಿದ್ದ ಬರ ಎಂಥದೆಂದರೆ ನೆರೆಯ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಮ್ಮ ಕಡೆಯೂ ಊರುಗಳು ಬರಿದಾದವು. ನನ್ನ ಮುತ್ತಜ್ಜಿ ಆ ಬರದ ಮಗು. ತಂದೆತಾಯಿ ದಾರಿಯಲ್ಲೇ ತೀರಿಕೊಂಡರು, ಮಿಶನ್ನಿನವರು ಎತ್ತಿ ತಂದು ಗಂಜಿ ಕುಡಿಸಿ ಬದುಕಿಸಿದರು, ಓದಲು ಹೊಲಿಯಲು ಕಲಿಸಿದರು. ಅವಳ ಸ್ವಂತ ಊರು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಹೌದು, ನಾವು ಆ ಅನ್ನ ಉಂಡವರು. ಹಸಿದ ಕೂಸಿಗೆ ಯಾರೋ ಅನ್ನ ಹಾಕಿದರು, ಆ ಕೂಸು ಬದುಕಿತು, ಅದಕ್ಕೆ ನಾನಿದ್ದೇನೆ, ನೀನಿದ್ದೀ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಉಂಡವರಿಗೂ ಇಲ್ಲ, ಹಾಕಿದವರಿಗೂ ಇಲ್ಲ. ನಮ್ಮ ಕರ್ತನು ಐದು ಸಾವಿರ ಜನಕ್ಕೆ ರೊಟ್ಟಿ ಮೀನು ಹಂಚುವ ಮುಂಚೆ ಯಾರ ನಂಬಿಕೆಯನ್ನೂ ವಿಚಾರಿಸಲಿಲ್ಲ. ಹಸಿವನ್ನು ನೋಡಿ ನಗುವವರು ಹಸಿವನ್ನು ಕಂಡಿಲ್ಲ ಅಷ್ಟೇ. ಬೆಳೆದ ಮೇಲೆ ಅವಳು ಆ ವಿಶ್ವಾಸವನ್ನು ಬಿಡಬಹುದಿತ್ತು, ಯಾರೂ ಕಟ್ಟಿಹಾಕಿರಲಿಲ್ಲ. ಬಿಡಲಿಲ್ಲ. ಕೊನೆಗಾಲದಲ್ಲಿ ಕಣ್ಣು ಕಾಣದಾದಾಗ ಕೀರ್ತನೆಗಳನ್ನು ಮೊಮ್ಮಕ್ಕಳಿಂದ ಓದಿಸಿ ಕೇಳುತ್ತಿದ್ದಳಂತೆ. ಅಕ್ಕಿ ಮುಗಿದು ಎಷ್ಟೋ ವರ್ಷಗಳಾದ ಮೇಲೂ.

ಆ ಮಾತು ಆಡಿದ ಹುಡುಗನಿಗೆ ಇದನ್ನು ಕೋಪದಲ್ಲಿ ಹೇಳಬೇಡ. ಎಲ್ಲರೆದುರೂ ಹೇಳಬೇಡ, ಹಾಗೆ ಹೇಳಿದರೆ ಅವನು ತನ್ನ ಮುಖ ಉಳಿಸಿಕೊಳ್ಳಲು ಇನ್ನೊಂದು ಮಾತು ಆಡಲೇಬೇಕಾಗುತ್ತದೆ. ಒಬ್ಬನೇ ಸಿಕ್ಕಾಗ, ಚಹಾ ಕುಡಿಯುವಾಗ, ‘ಅವತ್ತು ನೀನು ಹೇಳಿದೆಯಲ್ಲ, ನಾನೂ ಅವರಲ್ಲೊಬ್ಬಳು’ ಎಂದು ಹೇಳು. ಮುಂದಿನದು ಅವನಿಗೆ ಬಿಟ್ಟದ್ದು. ಬಹಳ ಮಟ್ಟಿಗೆ ಇಂಥವರು ಕ್ರೈಸ್ತರೊಬ್ಬರನ್ನೂ ಹತ್ತಿರದಿಂದ ನೋಡಿದವರಲ್ಲ. ಫೋನಿನಲ್ಲಿ ಬಂದದ್ದನ್ನೇ ನಂಬಿ ಮುಂದಕ್ಕೆ ಕಳಿಸುತ್ತಾರೆ. ನಾವು ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಚಿತ್ರವನ್ನು ಬೇರೆಯವರು ಬರೆಯುತ್ತಾರೆ, ನಾವು ಅದಕ್ಕೆ ಪಕ್ಕದಲ್ಲೇ ಕೂತು ಸಾಕ್ಷಿಯಾಗುತ್ತೇವೆ.

ಆದರೆ ನೀನು ಮೊದಲು ಹೇಳಬೇಕಾದದ್ದು ಅವನಿಗಲ್ಲ, ನಿನ್ನ ರೂಮಿನ ಗೆಳತಿಗೆ. ಅವಳ ಬಗ್ಗೆ ನೀನು ಬರೆದದ್ದನ್ನು ದೊಡ್ಡವ್ವ ಎರಡು ಸಲ ಓದಿಸಿಕೊಂಡಳು. ಹಾಸನದ ಹುಡುಗಿ, ಶುಕ್ರವಾರ ಸಂಜೆ ಕಪಾಟಿನ ಮೇಲಿನ ಲಕ್ಷ್ಮೀ ಪಟಕ್ಕೆ ಹೂ ಮುಡಿಸಿ ದೀಪ ಹಚ್ಚುತ್ತಾಳೆ, ನಿನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟಳು, ಪರೀಕ್ಷೆ ಇದ್ದ ದಿನ ಧರ್ಮಸ್ಥಳಕ್ಕೆ ಹರಕೆ ಹೊತ್ತಳು. ನೋಡು, ಅವಳು ತನ್ನ ದೇವರನ್ನು ನಿನ್ನ ಕಣ್ಣೆದುರಿಗೆ ಇಟ್ಟಿದ್ದಾಳೆ. ನೀನು ಏನನ್ನುವೆಯೋ ಎಂದು ಅನುಮಾನಪಡಲಿಲ್ಲ. ಅಷ್ಟು ನಂಬಿಕೆಯನ್ನು ಅವಳು ನಿನ್ನ ಮೇಲೆ ಇಟ್ಟಿದ್ದಾಳೆ, ನೀನು ಅವಳ ಮೇಲೆ ಇಟ್ಟಿಲ್ಲ. ಅವಳಿಗೆ ನಿನ್ನ ಸಂಬಳ ಗೊತ್ತು, ನಿನ್ನ ಸಿಟ್ಟು ಗೊತ್ತು, ಅಣ್ಣನ ಮದುವೆ ಮುರಿದದ್ದು ಗೊತ್ತು. ನೀನು ಬೆಳಿಗ್ಗೆ ಎದ್ದ ಕೂಡಲೇ ಯಾರ ಹತ್ತಿರ ಮಾತಾಡುತ್ತೀ ಎಂಬುದು ಮಾತ್ರ ಗೊತ್ತಿಲ್ಲ. ಇದು ಧರ್ಮದ ಪ್ರಶ್ನೆಗಿಂತ ಮೊದಲು ಸ್ನೇಹದ ಪ್ರಶ್ನೆ.

ಮುಸುಕಿನೊಳಗಿನ ಪ್ರಾರ್ಥನೆ ದೇವರಿಗೆ ಕೇಳುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸು ಅಂದವರೇ ಯೇಸು. ದೀಪವನ್ನು ಕೊಳಗದಡಿ ಇಡಬೇಡ ಅಂದದ್ದೂ ಅವರೇ, ಅದೂ ಅದೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ. ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವುದು ಹೇಗೆ ಜನರಿಗಾಗಿ ಮಾಡಿದ್ದೋ, ಜನ ನೋಡದಿರಲಿ ಎಂದು ಅಡಗುವುದೂ ಹಾಗೆಯೇ ಜನರಿಗಾಗಿ ಮಾಡಿದ್ದು. ಎರಡರಲ್ಲೂ ಕಣ್ಣು ಜನರ ಮೇಲಿದೆ. ದಾನಿಯೇಲನನ್ನು ನೋಡು: ರಾಜನಿಗಲ್ಲದೆ ಯಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಹೊರಟ ದಿನವೂ ಅವನು ಹೊಸದಾಗಿ ಏನೂ ಮಾಡಲಿಲ್ಲ. ಮೊದಲಿನ ಹಾಗೆ ಮನೆಗೆ ಹೋದ, ಮೊದಲಿನ ಹಾಗೆ ಯೆರೂಸಲೇಮಿನ ಕಡೆಯ ಕಿಟಕಿ ತೆರೆದಿತ್ತು, ಮೊದಲಿನ ಹಾಗೆ ಮೊಣಕಾಲೂರಿದ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ವಾಕ್ಯ ಹಾಕು ಅಂತ ನಾನು ಹೇಳುತ್ತಿಲ್ಲ, ಹಾಕುವವರನ್ನು ಬೇಡ ಅನ್ನುವುದೂ ಇಲ್ಲ. ಮುಸುಕು ತೆಗೆದು ಮಂಚದ ಮೇಲೆ ಕೂತು ಕಣ್ಣು ಮುಚ್ಚು. ಅವಳು ಕೇಳಿದರೆ ಹೇಳು. ಕೇಳದಿದ್ದರೆ ಅವಳಿಗೆ ಆಗಲೇ ತಿಳಿದಿದೆ ಅಂತ ಅರ್ಥ. ನಡುವೆ ಗೋಡೆಯಿಲ್ಲದ ಕೋಣೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು?

ಆಯುಧ ಪೂಜೆಯ ದಿನ ಏನು ಮಾಡಲಿ ಎಂದು ಕೇಳಿದ್ದೀ. ಈ ಪ್ರಶ್ನೆ ನನ್ನ ಮಾಸ್ತರಿಕೆಯ ಉದ್ದಕ್ಕೂ ನನ್ನೆದುರಿಗೆ ಇತ್ತು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಸೇರಿದ ಸಾಲೆಯಲ್ಲಿ ದಸರೆಗೆ ಸರಸ್ವತಿ ಪೂಜೆ ಆಗುತ್ತಿತ್ತು. ಒಬ್ಬೊಬ್ಬ ಮಾಸ್ತರರು ಆರತಿ ಎತ್ತುವ ರೂಢಿ. ಹಿಂದಿನ ದಿನವೇ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ‘ಸರ್, ನಾನು ಕ್ರಿಶ್ಚಿಯನ್, ಆರತಿ ಎತ್ತೂದಿಲ್ರಿ. ಉಳಿದ ಯಾವ ಕೆಲಸ ಇದ್ರೂ ನನಗ ಹಚ್ಚರಿ’ ಅಂದೆ. ಅವರು ಕನ್ನಡಕ ಮೇಲೆತ್ತಿ ನೋಡಿ, ‘ಹಂಗಾದ್ರ ಫಳಾರದ ಉಸ್ತುವಾರಿ ನಿಮ್ಮದ ನೋಡ್ರಿ ಮಾಸ್ತರ, ಪ್ರತಿ ವರ್ಷ ಹುಡುಗರಿಗೆ ಸಾಲೂದೇ ಇಲ್ಲ’ ಅಂದರು. ಅಲ್ಲಿಂದ ನಿವೃತ್ತಿಯವರೆಗೆ ದಸರೆಯ ಚುರುಮುರಿ, ಮಂಡಾಳು ಒಗ್ಗರಣೆಯ ಲೆಕ್ಕ ನನ್ನದೇ ಆಯಿತು. ಮುಂಚಿತವಾಗಿ ಹೇಳಿದ್ದರಿಂದ ಅವರಿಗೆ ಎಲ್ಲರೆದುರು ಮುಜುಗರವಾಗಲಿಲ್ಲ, ನನಗೂ ಆಗಲಿಲ್ಲ. ನೀನೂ ಹಾಗೆ ಮಾಡು. ಪೂಜೆಯ ಹೊತ್ತಿಗೆ ಕಕ್ಕಸಿನಲ್ಲಿ ಅಡಗಿ ನಿಲ್ಲಬೇಡ, ರಜೆ ಹಾಕಬೇಡ. ಮೊದಲೇ ಟೀಮ್ ಲೀಡರಿಗೆ ಹೇಳು, ಮೇಜು ಒರೆಸು, ಹೂವಿನ ಮಾಲೆ ಕಟ್ಟಿಸು, ಫೋಟೋ ತೆಗೆ. ಪೂಜೆ ನಡೆಯುವಾಗ ಹಿಂದೆ ಮರ್ಯಾದೆಯಿಂದ ನಿಂತಿರು. ಇನ್ನೊಬ್ಬರು ಕೈಮುಗಿದು ನಿಂತ ಹೊತ್ತಿನಲ್ಲಿ ಗಂಭೀರವಾಗಿ ನಿಲ್ಲುವುದು ನಮ್ಮ ವಿಶ್ವಾಸಕ್ಕೆ ಕುಂದಲ್ಲ.

ಎಲ್ಲರೂ ಆ ಹೆಡ್‌ಮಾಸ್ತರರ ಹಾಗೆ ಇರುತ್ತಾರೆಂದು ಹೇಳಲಾರೆ. ಅದೇ ಸಾಲೆಯಲ್ಲಿ ಒಬ್ಬರು ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ‘ಪಾದ್ರಿ ಸಾಹೇಬ್ರು ಬಂದ್ರು’ ಎಂದು ಕುಟುಕುತ್ತಿದ್ದರು. ಕೊನೆಯವರೆಗೂ ಕುಟುಕಿದರು, ಬದಲಾಗಲಿಲ್ಲ. ಅವರ ಜೊತೆಯೂ ನೌಕರಿ ಮಾಡಿದೆ. ಬದುಕಿನಲ್ಲಿ ಅಂಥವರೂ ಇರುತ್ತಾರೆ ಎಂದು ತಿಳಿದಿದ್ದರೆ ಸಾಕು.

ಪ್ರಸಾದದ ವಿಷಯದಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷ. ನಾನು ತೆಗೆದುಕೊಳ್ಳುವುದಿಲ್ಲ, ಕೈಮುಗಿದು ಬೇಡ ಅನ್ನುತ್ತೇನೆ. ದೊಡ್ಡವ್ವ ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟದ್ದನ್ನು ದೇವರಿಗೆ ಸ್ತೋತ್ರ ಹೇಳಿ ತಿನ್ನುತ್ತಾಳೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳನ್ನು ಇಬ್ಬರೂ ಓದಿದ್ದೇವೆ. ಇಂಥ ಊಟದ ವಿಷಯದಲ್ಲಿ ಅವನು ಒಂದೇ ಕಟ್ಟಳೆ ಹಾಕಲಿಲ್ಲ, ತಿನ್ನುವವನ ಮನಸ್ಸಾಕ್ಷಿಯನ್ನೂ ನೋಡುವವನ ಮನಸ್ಸಾಕ್ಷಿಯನ್ನೂ ತೂಗಿ ನೋಡು ಅಂದ. ನಾವಿಬ್ಬರೂ ಒಂದೇ ಸಭೆಯಲ್ಲಿ ಕರ್ತನ ಭೋಜನ ತೆಗೆದುಕೊಳ್ಳುತ್ತೇವೆ. ನೀನು ಓದು, ಪ್ರಾರ್ಥನೆ ಮಾಡು, ನಿನ್ನ ಮನಸ್ಸಾಕ್ಷಿ ಯಾವುದಕ್ಕೆ ಒಪ್ಪುತ್ತದೋ ಅದನ್ನು ಮಾಡು. ಬೇಡವಾದರೆ ಬೇಡ ಅನ್ನು, ಹೊಟ್ಟೆನೋವು ಅಂತ ಸುಳ್ಳು ಹೇಳಬೇಡ. ಕೊಟ್ಟವರ ಮನಸ್ಸು ನೋಯಿಸುವುದು ನಿರಾಕರಣೆಯಲ್ಲ, ಅದರೊಳಗೆ ಎಲ್ಲಾದರೂ ತಾತ್ಸಾರ ಕಂಡರೆ ಅದು ನೋಯಿಸುತ್ತದೆ.

ಕ್ರಿಶ್ಚಿಯನ್ ಎಂದು ಹೇಳಿಬಿಟ್ಟರೆ ಹೊರಗಿನವಳಾಗಿಬಿಡುತ್ತೇನೆ, ಕನ್ನಡದ ಮಾತು ಬಂದಾಗಲೂ ನನ್ನನ್ನು ಬೇರೆಯಾಗಿ ನೋಡುತ್ತಾರೆ ಎಂದು ಬರೆದಿದ್ದೀ. ನಮ್ಮದೇ ಸೀಮೆಯ ಉತ್ತಂಗಿ ಚನ್ನಪ್ಪನವರನ್ನು ನೆನಪಿಗೆ ತಂದುಕೋ. 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಸಭಾಪಾಲಕರು. ಹೆಸರಿನ ಹಿಂದೆ ರೆವರೆಂಡ್ ಅಂತ ಇತ್ತು. ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಹುಡುಕಿ, ಕೂಡಿಸಿ, ತಿದ್ದಿ 1924ರಲ್ಲಿ ಪುಸ್ತಕವಾಗಿ ತಂದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಚರ್ಚೆ ಎದ್ದಾಗ ಇತ್ತು ಎಂದು ವಾದಿಸಿ ಪುಸ್ತಕ ಬರೆದವರೂ ಅವರೇ. 1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂತರು. ತಿರುಳ್ಗನ್ನಡದ ತಿರುಕ ಎಂದು ಕನ್ನಡಿಗರು ಅವರನ್ನು ಪ್ರೀತಿಯಿಂದ ಕರೆದರು. ಇಷ್ಟೆಲ್ಲ ಆಗುವಾಗ ಅವರು ತಮ್ಮ ಕ್ರಿಸ್ತನನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡಿರಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಅಂತ ಹೆಸರಿಟ್ಟು ಪುಸ್ತಕ ಬರೆದವರು ಅವರು. ಆ ಹೆಸರಲ್ಲೇ ಅವರ ನಡತೆ ಕಾಣುತ್ತದೆ: ಬೆತ್ಲೆಹೇಮಿನವನು ತಾನು ಎಂದು ಹೇಳಿಕೊಂಡು, ಬನಾರಸದ ಬಾಗಿಲಲ್ಲಿ ವಿನಯದಿಂದ ನಿಂತವರು. ಇಂಥವರು ನಮ್ಮ ಸಭೆಯಲ್ಲಿ ಇದ್ದರು ಎಂದು ನಮ್ಮ ಹುಡುಗರಿಗೇ ಗೊತ್ತಿಲ್ಲ. ಅದು ನನ್ನನ್ನು ಬಹಳ ಕಾಡುವ ಸಂಗತಿ. ತಮ್ಮ ಮನೆಯ ಹಿರಿಯರು ಗೊತ್ತಿಲ್ಲದವರು ಬೇರೆಯವರ ಎದುರು ತಲೆ ಎತ್ತಿ ಮಾತಾಡುವುದು ಹೇಗೆ?

ಇನ್ನೊಂದು ಮಾತನ್ನು ನೀನು ಕೇಳಿಲ್ಲ, ಆದರೂ ಹೇಳಬೇಕು. ನೀನು ಧೈರ್ಯ ತಂದುಕೊಂಡ ಮೇಲೆ, ತರಲಾರದವರನ್ನು ಕೀಳಾಗಿ ನೋಡಬೇಡ. ನಿಮ್ಮ ಸಭೆಗೆ ಬರುವ ಒಬ್ಬ ಹುಡುಗ ಕಾಗದಪತ್ರದಲ್ಲಿ ಒಂದು ಹೆಸರು, ಸಭೆಯಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದಾನೆಂದು ಸ್ವಲ್ಪ ಬೇಸರದಿಂದ ಬರೆದಿದ್ದೀ. ಅವನಂಥ ದಲಿತ ಹುಡುಗರ ಕಷ್ಟ ಏನೆಂದು ಕೇಳು: 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರಿಸ್ತನನ್ನು ನಂಬಿದ ದಲಿತನಿಗೆ ಇಂದಿಗೂ ಅದು ಇಲ್ಲ. ನಮ್ಮ ರಾಜ್ಯದಲ್ಲಿ ಅವನನ್ನು ಪ್ರವರ್ಗ 1ಕ್ಕೆ ಸೇರಿಸಿದ್ದಾರೆ. ಊರಿನ ಜನ ಮಾತ್ರ ಅವನನ್ನು ಇನ್ನೂ ಹಳೆಯ ಕೇರಿಯವನೆಂ​ದೇ ನಡೆಸಿಕೊಳ್ಳುತ್ತಾರೆ, ದೀಕ್ಷಾಸ್ನಾನದ ನೀರಿಗೆ ಆ ಕಳಂಕ ಹೋಗಿದೆ ಎಂದು ಯಾರೂ ಒಪ್ಪುವುದಿಲ್ಲ. ಅವನು ಹೌದು ಅಂದರೆ ತಂಗಿಯ ಓದು, ಅಪ್ಪನ ನೌಕರಿ ಎಲ್ಲ ಅಲುಗಾಡುತ್ತವೆ. ನೀನು ಹೌದು ಅಂದರೆ ಹೋಗುವುದು ಊಟದ ಮೇಜಿನ ಒಂದೆರಡು ನಗು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಅರಾಮಿನ ಸೇನಾಪತಿ ನಾಮಾನ ನೆನಪಿದ್ದಾನಲ್ಲ? ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನೇ ನಂಬಿದ ಮೇಲೆ ಪ್ರವಾದಿ ಎಲೀಷನ ಮುಂದೆ ಸಂಕೋಚದಿಂದ ಒಂದು ಮಾತು ಹೇಳುತ್ತಾನೆ: ನನ್ನ ರಾಜ ನನ್ನ ಕೈಮೇಲೆ ಭಾರ ಹಾಕಿ ರಿಮ್ಮೋನನ ಗುಡಿಗೆ ಹೋಗುತ್ತಾನೆ, ಆಗ ನಾನೂ ಬಾಗಬೇಕಾಗುತ್ತದೆ, ದೇವರು ಅದನ್ನು ಮನ್ನಿಸಲಿ. ಎಲೀಷ ಗದರಲಿಲ್ಲ, ಷರತ್ತು ಹಾಕಲಿಲ್ಲ, ಸಮಾಧಾನದಿಂದ ಕಳಿಸಿಕೊಟ್ಟ. ಕಲ್ಲು ಹೃದಯದ ಬೋಧಕರಿಗೆ ಈ ಭಾಗ ಓದಲು ಇಷ್ಟವಿರುವುದಿಲ್ಲ. ನನಗೆ ಬಹಳ ಇಷ್ಟ. ಆ ಹುಡುಗನ ಗುಟ್ಟನ್ನು ನೀನು ಎಲ್ಲಿಯೂ ಬಾಯಿ ಬಿಡಬೇಡ. ನಿನ್ನ ವಿಶ್ವಾಸವನ್ನು ಹೇಳುವ ಅಧಿಕಾರ ನಿನಗಿದೆ, ಅವನದನ್ನು ಹೇಳುವ ಅಧಿಕಾರ ನಿನಗಿಲ್ಲ.

ತಡವಾಯಿತು, ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಿನಗೆ ಅನ್ನಿಸುತ್ತಿರಬೇಕು. ನಿಕೊದೇಮನಿಗಿಂತ ತಡವಾಗಿಲ್ಲ. ಅವನು ಯೇಸುವಿನ ಹತ್ತಿರ ಮೊದಲು ಬಂದದ್ದು ರಾತ್ರಿಯಲ್ಲಿ. ಆಮೇಲೆ ಹಿರೀಸಭೆಯಲ್ಲಿ, ಒಬ್ಬನ ಮಾತು ಕೇಳದೆ ತೀರ್ಪು ಕೊಡುವುದು ಧರ್ಮವೇ ಎಂದು ಒಂದೇ ಒಂದು ಪ್ರಶ್ನೆ ಎತ್ತಿದ. ನೀನೂ ಗಲಿಲಾಯದವನೋ ಎಂದು ಅವನನ್ನು ಹಂಗಿಸಿದರು. ಸುಮ್ಮನಾದ. ಮೂರನೆಯ ಸಲ ಕಾಣಿಸುವುದು ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟು ಎಲ್ಲ ಮುಗಿದ ಮೇಲೆ. ಮೆಚ್ಚಿಕೊಳ್ಳುವವರು ಯಾರೂ ಇಲ್ಲದ, ಗೆಲುವಿನ ಸುಳಿವೂ ಇಲ್ಲದ ಹೊತ್ತು. ಸಾಯುವವರೆಗೂ ಜೊತೆಗಿರುತ್ತೇವೆಂದು ಆಣೆ ಮಾಡಿದ ಶಿಷ್ಯರಲ್ಲಿ ಬಹುಪಾಲು ಓಡಿಹೋಗಿದ್ದಾರೆ. ಆಗ ಬಂದವರು ಇಬ್ಬರು, ಇಬ್ಬರೂ ಅಲ್ಲಿಯವರೆಗೆ ಅಂಜಿ ಅಡಗಿದ್ದವರು. ಅರಿಮಥಾಯದ ಯೋಸೇಫ ಧೈರ್ಯ ಮಾಡಿ ಪಿಲಾತನ ಹತ್ತಿರ ಹೋಗಿ ದೇಹ ಕೇಳಿದ. ನಿಕೊದೇಮ ರಕ್ತಬೋಳ, ಅಗರು ಕಲಸಿದ ಸುಗಂಧವನ್ನು ತಂದ. ಯೋಹಾನ ಅದರ ತೂಕವನ್ನೂ ಬರೆದಿಟ್ಟಿದ್ದಾನೆ. ಈಗಿನ ಲೆಕ್ಕಕ್ಕೆ 30 ಕಿಲೊ ಮೀರುತ್ತದೆ. ಅಷ್ಟು ಭಾರವನ್ನು ಯಾರೂ ಸೆರಗಿನಡಿ ಮುಚ್ಚಿಕೊಂಡು ಒಯ್ಯಲಾರರು. ಹಬ್ಬದ ಜನ ತುಂಬಿದ ಊರಿನಲ್ಲಿ ಹೊತ್ತು ಮುಳುಗುವ ಮುಂಚೆ ಬೀದಿ ಹಿಡಿದು ಹೋಗಲೇಬೇಕು, ಅದರ ವಾಸನೆ ಅವನಿಗಿಂತ ಮುಂದೆ ಹೋಗುತ್ತದೆ. ಅವತ್ತು ಅವನನ್ನು ನೋಡದವರಿಲ್ಲ. ನಿನ್ನಂಥ ಮೆಲುದನಿಯವರ ಬಗ್ಗೆ ನನಗೆ ಯಾವಾಗಲೂ ಭರವಸೆ ಇರುವುದು ಇದಕ್ಕೇ.

‘ನಮ್ಮನ್ನೂ ಕನ್ವರ್ಟ್ ಮಾಡ್ತೀಯಾ?’ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂಬುದು ನಿನ್ನ ಕೊನೆಯ ಪ್ರಶ್ನೆ. ಇದ್ದದ್ದನ್ನು ಹೇಳು. ಮನಸ್ಸು ತಿರುಗಿಸುವುದು ಮನುಷ್ಯರ ಕೈಯಲ್ಲಿಲ್ಲ, ನಾನು ಯಾರಿಗೂ ಆಸೆ ತೋರಿಸುವವಳಲ್ಲ, ಯೇಸು ಯಾರು, ಯಾಕೆ ನಂಬುತ್ತೀ ಎಂದು ಕೇಳಿದರೆ ಸಂತೋಷದಿಂದ ಹೇಳುತ್ತೇನೆ, ಕೇಳದಿದ್ದರೂ ನೀನು ನನ್ನ ಸ್ನೇಹಿತೆಯೇ. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಒಪ್ಪಿಕೊಂಡು ಹೇಳುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ನಿನಗೂ ಕೊಟ್ಟಿದೆ, ಆ ಹಾಸನದ ಹುಡುಗಿಗೂ ಕೊಟ್ಟಿದೆ. ನಾನು ಯಾರು ಎಂದು ಹೇಳಿಕೊಳ್ಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆದರೆ ಊಟದ ಮೇಜಿನಲ್ಲಿ ವಿಧಿಯ ಸಂಖ್ಯೆ ಹೇಳಬೇಡ, ಅದು ಕೋರ್ಟಿಗೆ ಇರಲಿ. ಕೇಳಿದವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಕೊಡಿ ಎಂಬ ಬುದ್ಧಿಮಾತು ನಮ್ಮ ಸತ್ಯವೇದದಲ್ಲಿದೆ. ಅದು ಇರುವುದು ಯಾರ ಹೆಸರಿನ ಪತ್ರದಲ್ಲಿ ಗೊತ್ತೇನು? ಆ ಅಂಗಳದಲ್ಲಿ, ಆ ಬೆಂಕಿಯ ಪಕ್ಕದಲ್ಲಿ, ಕೇಳಿದಾಗ ಉತ್ತರ ಕೊಡಲಾರದೆ ಹೋದ ಪೇತ್ರನ ಹೆಸರಿನಲ್ಲಿ.

ಉತ್ತರ ಕೊಡಬೇಕಾದರೆ ನಿನ್ನೊಳಗೆ ಉತ್ತರ ಇರಬೇಕು. ಸಂಡೇ ಸ್ಕೂಲಿನಲ್ಲಿ ಕಲಿತದ್ದರ ಮೇಲೆ ಇಷ್ಟು ವರ್ಷ ನಡೆಯಿತು, ಇನ್ನು ನಡೆಯುವುದಿಲ್ಲ. ಮಾರ್ಕನ ಸುವಾರ್ತೆಯನ್ನು ಒಂದೇ ಕೂಡುಗೆ ಕೂತು ಓದಿ ನೋಡು, ಕಾದಂಬರಿ ಓದುವ ಹುಡುಗಿಗೆ ಅದೇನು ಕಷ್ಟವಲ್ಲ. ಓದುವಾಗ ನಿನಗೇ ಎಲ್ಲಿ ಒಪ್ಪಿಗೆಯಾಗುತ್ತದೆ, ಎಲ್ಲಿ ಅನುಮಾನ ಬರುತ್ತದೆ, ಎರಡನ್ನೂ ನನಗೆ ಬರೆ. ಅನುಮಾನ ಬರೆದರೆ ದೊಡ್ಡಪ್ಪ ಬೈಯುತ್ತಾನೆಂದು ಅಂಜಬೇಡ. ಅನುಮಾನವನ್ನೂ ಒಳಗೇ ಮುಚ್ಚಿಟ್ಟುಕೊಂಡರೆ ಅದು ಎರಡನೆಯ ಮುಸುಕಾಗುತ್ತದೆ.

ಡಿಸೆಂಬರಿಗೆ ಬರುವಾಗ ನಿನ್ನ ಗೆಳತಿಯನ್ನೂ ಕರೆದುಕೊಂಡು ಬಾ. ಅಷ್ಟರೊಳಗೆ ಅವಳಿಗೆ ಹೇಳಿರುತ್ತೀ ಎಂಬ ಲೆಕ್ಕದ ಮೇಲೆ ಬರೆಯುತ್ತಿದ್ದೇನೆ. ಕ್ಯಾರಲ್ ಹಾಡಲು ಹುಡುಗರು ಮನೆಮನೆಗೆ ಬರುತ್ತಾರೆ, ಅವಳಿಗೆ ಹೊಸದಾಗಿ ಕಾಣುತ್ತದೆ. ದೊಡ್ಡವ್ವ ಈಗಲೇ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿಯ ಯಾದಿ ಮಾಡಿದ್ದಾಳೆ, ಅವಳು ಮೊಟ್ಟೆ ತಿನ್ನುತ್ತಾಳೋ ಇಲ್ಲವೋ ಕೇಳಿ ತಿಳಿಸು ಅಂದಿದ್ದಾಳೆ, ಕೇಕು ಬೇರೆ ಮಾಡಬೇಕಾಗುತ್ತದಂತೆ. ಕ್ರಿಸ್ಮಸ್ ವಾರದಲ್ಲಿ ರಾಣಿ ಚೆನ್ನಮ್ಮ ರೈಲಿಗೆ ಸೀಟು ಸಿಗುವುದು ಕಷ್ಟ, ಇಬ್ಬರ ಟಿಕೆಟ್ಟನ್ನೂ ಬುಕಿಂಗ್ ತೆರೆದ ಕೂಡಲೇ ಮಾಡಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ